ಅಪ್‌ಡೇಟ್: ಹಾಸನದ ಹೊರಗಿನ ಆ ಲೇಔಟ್ ಮನೆ

ಹಾಸನದ ಹೊರವಲಯದ ಒಂದು ಲೇಔಟ್‌ನಲ್ಲಿ 30×40 ಸೈಟಿನ ಮನೆ ತಗೋಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ಮಳೆ ಬರುವಾಗ ಹೋಗಿ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಜೋರು ಮಳೆಯಲ್ಲೇ ಹೋದೆವು. ಚರಂಡಿ ತುಂಬಿ ಕೆಂಪು ನೀರು ಗೇಟಿನೊಳಗೇ ನುಗ್ಗುತ್ತಿತ್ತು. ಪಕ್ಕದ ಮನೆಯ ಅಜ್ಜಿ ಜಗಲಿಗೆ ಕರೆದು ಕೂರಿಸಿ, "ಪ್ರತಿ ವರ್ಷ ಹಿಂಗೇ ಕಣಮ್ಮ. ಬೇಸಿಗೇಲಿ ಟ್ಯಾಂಕರ್ರೇ ಗತಿ" ಅಂದರು.

ಸರ್ಕಾರದ ಆಸ್ತಿ ನೋಂದಣಿಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಸಾಲ, ಮಾರಾಟದ ನೋಂದಣಿ ತೋರಿಸುವ ಪತ್ರ) ತೆಗೆಸಿದೆವು, ಅದೇನೋ ಸರಿ ಇದೆ. ಆದರೆ ನಕ್ಷೆಯಲ್ಲಿ ಪಾರ್ಕ್ ಅಂತ ಇರುವ ಜಾಗದಲ್ಲಿ ಮನೆ ಎದ್ದಿದೆ! ಇ-ಖಾತಾ (ಆಸ್ತಿ ಯಾರದ್ದು ಅಂತ ತೋರಿಸುವ ಸ್ಥಳೀಯ ಸಂಸ್ಥೆಯ ಡಿಜಿಟಲ್ ದಾಖಲೆ) ಕೇಳಿದರೆ ಮಾರುವವರು "ಆಗುತ್ತೆ ಬಿಡಿ" ಅಂತಾರೆ. ಅದಿಲ್ಲದೆ ನೋಂದಣಿಯೇ ಆಗಲ್ಲ ಅಲ್ವಾ? ಅಡ್ವಾನ್ಸ್ ಕೊಡಲಿಲ್ಲ. ಅಪ್ಪನಿಗೆ ಬೇಜಾರಾಗಿದೆ, ಮನೆ ನಿಜಕ್ಕೂ ಚೆನ್ನಾಗಿತ್ತು. ಈ ಭಾನುವಾರ ಬೇರೆ ಕಡೆ ನೋಡಲು ಹೋಗುತ್ತಿದ್ದೇವೆ.