ಇಸವಿಗೆ ಅಂಕ ಇಲ್ಲವಂತೆ

ನಮ್ಮ ಗುಂಪಿನಲ್ಲಿ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು ಒಬ್ಬನೇ. ಎಲ್ಲರ ಬಾಯಲ್ಲೂ ಅವನು ಮೇಷ್ಟ್ರು. ಪರೀಕ್ಷೆ ಬಂತೆಂದರೆ ಮುಖ ಊದಿಸಿಕೊಂಡೇ ಇರುತ್ತಾನೆ.

"ತಿದ್ದೋಕೆ ಅಷ್ಟೇನಿದೆ ಮಾರಾಯ? ಇಸವಿ ಸರಿ ಇದ್ರೆ ಅಂಕ, ಇಲ್ದಿದ್ರೆ ಸೊನ್ನೆ," ಅಂದ ಇಂಜಿನಿಯರ್.

"ಬರೀ ಇಸವಿಗೆ ಅಂಕ ಇಲ್ಲ ಕಣಯ್ಯ."

"ಮತ್ತೆ ನಾನು ಶಾಲೆಯಲ್ಲಿ ಉರು ಹೊಡೆದದ್ದು?"

"ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ತಗೋ, ಒಂದು ಪ್ರಶ್ನೆ. 1789ರ ಜುಲೈ 14. ಪ್ಯಾರಿಸ್ ಜನ ಬಾಸ್ಟೀಲ್ ಕೋಟೆಗೆ ನುಗ್ಗಿದ ದಿನ. ಅವತ್ತು ರಾಜ ಹದಿನಾರನೇ ಲೂಯಿ ದಿನಚರಿಯಲ್ಲಿ ಬರೆದದ್ದು 'ಏನೂ ಇಲ್ಲ' ಅಂತ. ಈ ಆಕರವನ್ನು, ಅಂದ್ರೆ ಈ ಹಳೇ ದಾಖಲೆಯನ್ನು, ವಿಮರ್ಶಿಸು."

"ರಾಜ ಪೆದ್ದ. ಹತ್ತಕ್ಕೆ ಹತ್ತು ಕೊಡು."

"ಎರಡು. ಅದು ಹೆಚ್ಚಾಗಿ ಬೇಟೆಯ ಲೆಕ್ಕ ಬರೆದಿಡುತ್ತಿದ್ದ ಪುಸ್ತಕ. ಅವತ್ತು ಬೇಟೆ ಇರಲಿಲ್ಲ, ಅದಕ್ಕೆ ಏನೂ ಇಲ್ಲ. ಅವನಿದ್ದದ್ದು ಪ್ಯಾರಿಸ್ ಹೊರಗಿನ ವರ್ಸೇಲ್ಸ್‌ನಲ್ಲಿ, ಸುದ್ದಿ ಮುಟ್ಟಿದ್ದೇ ರಾತ್ರಿ. ಯಾರು ಬರೆದದ್ದು, ಯಾಕೆ ಬರೆದದ್ದು ಅಂತ ಕೇಳಿದವನಿಗೆ ಅಂಕ."

ಆ ಎರಡು ಅಂಕವೂ ಕೈಬರಹ ನೋಡಿ ಕೊಡುವ ಧರ್ಮದ ಅಂಕ ಇರಬೇಕು ಅಂತ ನನಗೆ ಅನುಮಾನ.

ವಿಮಲಾಗೆ ಅವಳ ತಂಗಿ ನೆನಪಾದಳು. ಪ್ರಬಂಧಕ್ಕೆ ಪದಮಿತಿ ಇತ್ತು, ಅಡಿಟಿಪ್ಪಣಿ ಮಿತಿಗೆ ಸೇರುತ್ತಿರಲಿಲ್ಲ. ತಂಗಿ ಮೇಲೆ ನಾಲ್ಕು ಸಾಲು ಬರೆದು, ವಾದವನ್ನೆಲ್ಲ ಅಡಿಟಿಪ್ಪಣಿಗೆ ಇಳಿಸಿದ್ದಳಂತೆ. "ಬುದ್ಧಿವಂತೆ ಅಲ್ವಾ?" ಅಂದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡ.

ಸೆಮಿನಾರ್‌ನಲ್ಲಿ ಬಾಯಿ ಬಿಟ್ಟರೂ ಅಂಕ ಉಂಟಂತೆ. ಆ ಲೆಕ್ಕದಲ್ಲಿ ನಮ್ಮ ಗುಂಪಿಗೆಲ್ಲ ಚಿನ್ನದ ಪದಕ.

"ಈಗ ಪ್ರಬಂಧ ಕಂಪ್ಯೂಟರೇ ಬರೆದುಕೊಡುತ್ತಲ್ಲ, ಹೇಗೆ ಹಿಡೀತೀಯ?" ಅಂತ ನಾನು ಕೆಣಕಿದೆ.

"ನಕಲಿ ಹಿಡಿಯೋದು ನಮ್ಮ ಹಳೇ ಕಸುಬು. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಪೋಪ್‌ಗೆ ರಾಜ್ಯ ಬರೆದುಕೊಟ್ಟ ಅನ್ನೋ ದಾನಪತ್ರವನ್ನು ಇಟಲಿಯ ವಿದ್ವಾಂಸ ಲೊರೆಂಜೊ ವ್ಯಾಲಾ 1440ರಲ್ಲೇ ನಕಲಿ ಅಂತ ಬಯಲಿಗೆಳೆದ. ಕಾನ್‌ಸ್ಟಂಟೈನ್ ಕಾಲದ ಲ್ಯಾಟಿನ್‌ಗೆ ಹೊಂದದ ಮಾತುಗಳು ಅದರಲ್ಲಿದ್ದವು. ನಾನಂತೂ ಹುಡುಗರನ್ನು ಎದುರಿಗೆ ಕೂರಿಸಿ, 'ಈ ಮಾತಿಗೆ ಆಧಾರ ಎಲ್ಲಿ?' ಅಂತೀನಿ. ಬೆವರು ಬಂದರೆ ಗೊತ್ತಾಯ್ತು."

"ಒಂದೇ ಪತ್ರಿಕೆ ಇಬ್ಬರು ತಿದ್ದುತ್ತೀರಂತೆ?"

"ಹೌದು. ಒಂದಕ್ಕೆ ನಾನು 58 ಕೊಟ್ಟೆ, ಇನ್ನೊಬ್ಬರು 72 ಕೊಟ್ಟರು. ಕೂತು ಮಾತಾಡಬೇಕು. ಒಪ್ಪಂದ ಆಗದಿದ್ರೆ ಮೂರನೆಯವರ ಹತ್ತಿರ ಹೋಗುತ್ತೆ."

ಇಂಜಿನಿಯರ್ ಕುರ್ಚಿ ಎಳೆದು ಎದುರಿಗೆ ಕೂತ. "ಮೇಷ್ಟ್ರೇ, ಆ 58ಕ್ಕೆ ಆಧಾರ ಎಲ್ಲಿ?"

ಮೇಷ್ಟ್ರು ಕರವಸ್ತ್ರ ಹುಡುಕತೊಡಗಿದ.