ವಿಷಯ: ಗ್ಲಾಮರ್ ಪೋರ್ಟ್ರೇಟ್ – ‘ಬಿನ್ನಾಣ’ ಏಕಾಗಬಾರದು?

ಮಾನ್ಯರೇ,

‘ಹಾಲಿವುಡ್ ಗ್ಲಾಮರ್ ಪೋರ್ಟ್ರೇಟ್ಸ್’ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕೆಂದು ತಾವು ಕೇಳಿದ್ದೀರಿ. ಪ್ರದರ್ಶನದ ಫಲಕ ನಾಳೆಯೇ ಅಚ್ಚಿಗೆ ಹೋಗಬೇಕೆಂದು ತಾವು ಬರೆದಿರುವುದರಿಂದ ಮೊದಲು ಉತ್ತರವನ್ನೇ ಹೇಳುತ್ತೇನೆ: ‘ಹಾಲಿವುಡ್ ಬಿನ್ನಾಣದ ಭಾವಚಿತ್ರಗಳು’ ಎಂದು ಬರೆಯಿಸಿ. ‘ಸೌಂದರ್ಯ ಛಾಯಾಗ್ರಹಣ’ ಬೇಡವೇ ಬೇಡ. ‘ವ್ಯಕ್ತಿಚಿತ್ರ’ವೂ ಸಲ್ಲದು, ಅದು ನಮ್ಮಲ್ಲಿ ಬರವಣಿಗೆಯ ಒಂದು ಪ್ರಕಾರದ ಹೆಸರಾಗಿ ನೆಲೆನಿಂತಿದೆ.

ಇಂಗ್ಲಿಷಿನ ಗ್ಲಾಮರ್ ಹುಟ್ಟಿದ್ದು ಗ್ರಾಮರ್‌ನಿಂದ. ಓದು ಬಲ್ಲವರಿಗೆ ಮಂತ್ರವೂ ಗೊತ್ತೆಂದು ಜನ ನಂಬಿದ್ದ ಕಾಲದಲ್ಲಿ, ಸ್ಕಾಟ್ಲೆಂಡಿನವರ ಬಾಯಲ್ಲಿ ಅದು ಕಣ್ಕಟ್ಟು ಎಂಬ ಅರ್ಥವನ್ನು ಪಡೆಯಿತು. ನಮ್ಮ ಬಿನ್ನಾಣವಾದರೂ ವಿಜ್ಞಾನದ ತದ್ಭವ. ಅರಿವು, ಕೈಚಳಕ ಎಂಬಲ್ಲಿಂದ ಹೊರಟು ಒಯ್ಯಾರಕ್ಕೆ ಬಂದು ನಿಂತಿದೆ. ಇಷ್ಟು ಹತ್ತಿರದ ಜೋಡಿ ಕೈಯಲ್ಲಿರುವಾಗ ‘ಬೆಡಗು’ ಎಂದು ಹಟ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಬೆಡಗು ಇದ್ದವರಲ್ಲಿ ತಾನಾಗಿಯೇ ಇರುತ್ತದೆ, ಬಿನ್ನಾಣವನ್ನು ಮಾಡಬೇಕಾಗುತ್ತದೆ.

ಆ ಚಿತ್ರಗಳೂ ಮಾಡಿದವುಗಳೇ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದ ಛಾಯಾಗ್ರಾಹಕ ಜಾರ್ಜ್ ಹರೆಲ್ 1931ರಲ್ಲಿ ತೆಗೆದ ನಟಿ ಜೋನ್ ಕ್ರಾಫರ್ಡ್ ಚಿತ್ರದ ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತಿದ್ದದ ಪ್ರತಿಯಲ್ಲಿ ಕೆನ್ನೆ, ಹಣೆಯ ತುಂಬ ಕಂದು ಚುಕ್ಕೆಗಳಿವೆ, ಕಣ್ಣಿನ ಕೆಳಗೆ ಗೆರೆಗಳಿವೆ. ತಿದ್ದಿದ ಪ್ರತಿಯಲ್ಲಿ ಅವೊಂದೂ ಇಲ್ಲದೆ ಮುಖ ಹಾಲಿನ ಕೆನೆಯಂತೆ ನುಣುಪಾಗಿದೆ. 8×10 ಅಂಗುಲದ ನೆಗೆಟಿವ್ ಮೇಲೆ ರೀಟಚ್ ಮಾಡುವವರು ಮೊನಚು ಪೆನ್ಸಿಲ್ ಹಿಡಿದು ಕೂತು ಮಾಡಿದ ಕೆಲಸ ಅದು. 1929ರಲ್ಲಿ ಇದೇ ಹರೆಲ್ ತೆಗೆದ ಚಿತ್ರಗಳನ್ನು ನಟಿ ನಾರ್ಮಾ ಶಿಯರರ್ ತಮ್ಮ ಪತಿ, ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್ ಅವರಿಗೆ ತೋರಿಸಿ, ತಮಗೆ ಒಗ್ಗದೆಂದು ಪತಿ ತಿಳಿದಿದ್ದ ಪಾತ್ರವನ್ನೇ ಪಡೆದರು. ಇದನ್ನು ಬಿನ್ನಾಣ ಎನ್ನದೆ ಇನ್ನೇನೆನ್ನೋಣ?

ಬಿನ್ನಾಣವೆಂದರೆ ಹೆಂಗಸರನ್ನು ಹಗುರಾಗಿ ಕಾಣುವ ಮಾತು ಎಂಬ ಆಕ್ಷೇಪ ಬಂದಿದೆ. ‘ಬಿನ್ನಾಣಗಿತ್ತಿ’ ಎಂಬ ಬೈಗುಳದಿಂದ ಬಂದ ಕಳಂಕವದು. ಆದರೆ ಹರೆಲ್ ಮುಂದೆ ಶಿಯರರ್‌ಗಿಂತ ಮೊದಲು ಕುಳಿತವರು ನಟ ರಾಮೋನ್ ನೊವಾರೊ ಎಂಬ ಗಂಡಸು. ಪದವನ್ನು ಕೈಬಿಟ್ಟರೆ ಕಳಂಕವಷ್ಟೇ ಉಳಿಯುತ್ತದೆ, ಬಳಸಿದರೆ ಹಳೆಯ ಅರ್ಥ ಮರಳೀತು.

ತದ್ಭವವೂ ಎರವಲೇ, ಅಚ್ಚಗನ್ನಡವೇ ಬೇಕು ಎನ್ನುವವರೊಡನೆ ನನಗೆ ವಾದವಿಲ್ಲ. ‘ಭಾವಚಿತ್ರ’ವೂ ಎರವಲೇ, ಆದರೂ ಹಾಲ್ ಟಿಕೆಟ್ಟಿನ ಮೇಲೆ ‘ಭಾವಚಿತ್ರ ಅಂಟಿಸಿ’ ಎಂದಿರುವುದನ್ನು ಓದಿಯೇ ಬೆಳೆದವರು ನಾವು. ಫಲಕದಲ್ಲಿಯೂ ಆ ಪದ ಹಾಗೆಯೇ ಇರಲಿ.