ಪದಚರ್ಚೆ: ಹಾಳೆಯ ಮಡಿಕೆಗೆ ‘ಬೋದು’, ‘ಸಾಲು’ ಎನ್ನಬಹುದೇ?

ಗೆಳೆಯರೇ, ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಹಾಳೆ ಮಡಚಿದಾಗ ಮಡಿಕೆಯ ಗೆರೆ ನಮ್ಮತ್ತ ಎದ್ದು ನಿಂತರೆ ಅದಕ್ಕೆ ‘ಮೌಂಟನ್ ಫೋಲ್ಡ್’ ಅಂತಾರೆ. ಗೆರೆ ಒಳಕ್ಕೆ ಇಳಿದರೆ ‘ವ್ಯಾಲಿ ಫೋಲ್ಡ್’. ಇವನ್ನು ಕನ್ನಡದಲ್ಲಿ ‘ಬೋದು’ ಮತ್ತು ‘ಸಾಲು’ ಎಂದು ಕರೆದರೆ ಹೇಗೆ?

ಹಿನ್ನೆಲೆ ಇಷ್ಟು. ಬಾಗಲಕೋಟೆಯ ಹೋಳಿಯಲ್ಲಿ ಸೋಗಿನ ಬಂಡಿ, ಅಂದರೆ ವೇಷ ಹಾಕಿದವರನ್ನು ಹೊತ್ತ ಬಂಡಿ, ಹೊರಡುವುದು ನಿಮಗೆ ಗೊತ್ತಿದೆ. ನಮ್ಮ ಓಣಿಯ ಹುಡುಗರು ಈ ಸಲ ಭೀಮನ ಸೋಗಿಗೆ ಗದೆಯನ್ನು ಹಾಳೆಯಿಂದಲೇ ಕಟ್ಟುತ್ತಿದ್ದಾರೆ. ಮೊದಲು ಬ್ಲೆಂಡರ್ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ಗದೆಯ 3ಡಿ ಮಾದರಿ ಮಾಡುತ್ತಾರೆ. ಆಮೇಲೆ ಅದನ್ನು ಚಪ್ಪಟೆಯಾಗಿ ಬಿಚ್ಚಿ, ಎ4 ಹಾಳೆಗಳ ಮೇಲೆ ಅಚ್ಚು ಹಾಕಿ, ಕತ್ತರಿಸಿ, ಮಡಚಿ, ಅಂಟಿಸುತ್ತಾರೆ. ಜಪಾನಿನಲ್ಲಿ ಈ ಕೆಲಸಕ್ಕೆ ಪೆಪಕುರ ಎನ್ನುತ್ತಾರೆ. ಪೇಪರ್ ಕ್ರಾಫ್ಟ್ ಎಂಬುದೇ ಅವರ ಬಾಯಲ್ಲಿ ಹಾಗಾಗಿದೆ. ಹುಡುಗರಿಗಾಗಿ ನಾನು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅಲ್ಲಿ ಈ ಜೋಡಿ ಪದ ಬೇಕೇಬೇಕು.

ಗೆರೆ ನೋಡಿ ಮಡಚಿದರೆ ಸಾಕಲ್ವಾ, ಪದ ಯಾಕೆ ಎಂದು ಕೇಳಬಹುದು. ತೊಡಕು ಇರುವುದೇ ಅಲ್ಲಿ. ಒರಿಗಾಮಿ, ಅಂದರೆ ಹಾಳೆ ಮಡಚಿ ಆಕೃತಿ ಮಾಡುವ ಜಪಾನಿನ ಕಲೆಯ ಪುಸ್ತಕಗಳಲ್ಲಿ, ಅಲ್ಲಿನ ಕಲಾವಿದ ಯೋಶಿಜಾವಾ ಅವರ ಪದ್ಧತಿ ನಡೆಯುತ್ತದೆ. ಅದರಲ್ಲಿ ಒಳಮಡಿಕೆಗೆ ತುಂಡು ಗೆರೆ, ಎದ್ದ ಮಡಿಕೆಗೆ ಗೆರೆ-ಚುಕ್ಕಿ. ಆದರೆ ಮಾದರಿಯನ್ನು ಬಿಚ್ಚಿ ಹಾಳೆಗೆ ಇಳಿಸಲು ಬ್ಲೆಂಡರ್‌ಗೆ ಸೇರಿಸಿಕೊಳ್ಳುವ ‘ಪೇಪರ್ ಮಾಡೆಲ್’ ಎಂಬ ಆಡ್-ಆನ್ ಇದನ್ನು ತಿರುವುಮುರುವು ಮಾಡುತ್ತದೆ. ನಾವು ಏನೂ ಬದಲಿಸದಿದ್ದರೆ ಎದ್ದ ಮಡಿಕೆಗೆ ತುಂಡು ಗೆರೆ ಹಾಕುತ್ತದೆ, ಒಳಮಡಿಕೆಗೆ ಗೆರೆ-ಚುಕ್ಕಿ. ಶಾಲೆಯಲ್ಲಿ ಒರಿಗಾಮಿ ಕಲಿತ ಮಗು ಈ ಹಾಳೆ ಹಿಡಿದರೆ ಇಡೀ ಗದೆಯನ್ನು ಒಳಹೊರಗಾಗಿ ಮಡಚುತ್ತದೆ. ಗೆರೆಯನ್ನು ನಂಬುವಂತಿಲ್ಲ. ಹಾಗಾಗಿ ಪ್ರತಿ ಹಾಳೆಯ ಮೂಲೆಯಲ್ಲಿ ‘ಈ ಗೆರೆ ಎಂದರೆ ಇದು’ ಎಂದು ಕನ್ನಡದಲ್ಲಿ ಅಚ್ಚು ಹಾಕಬೇಕು. ಆ ಪದ ಚಿಕ್ಕದಿರಬೇಕು, ಓದಿದ ಕೂಡಲೇ ಕೈ ಅತ್ತ ಹೋಗಬೇಕು.

‘ಬೆಟ್ಟ ಮಡಿಕೆ’, ‘ಕಣಿವೆ ಮಡಿಕೆ’ ಎಂದು ಬರೆದು ನೋಡಿದೆ. ಅರ್ಥವೇನೋ ಆಗುತ್ತದೆ, ಆದರೆ ಅದು ಯಾರ ಬಾಯಲ್ಲೂ ಇಲ್ಲದ ಮಾತು. ‘ನೆರಿಗೆ’ ಒಳ್ಳೆಯ ಪದ. ಆದರೆ ಒಂದು ನೆರಿಗೆಯೊಳಗೆ ಎದ್ದದ್ದೂ ಇದೆ, ಇಳಿದದ್ದೂ ಇದೆ. ಎರಡನ್ನೂ ಬೇರೆ ಮಾಡಿ ಹೇಳಲು ಅದು ಬರುವುದಿಲ್ಲ. ‘ಉಬ್ಬು’, ‘ತಗ್ಗು’ ಸುಲಭ, ನಿಜ. ಆದರೆ ಉಬ್ಬು ಎಂದರೆ ದುಂಡಗೆ ಊದಿಕೊಂಡದ್ದು ಕಣ್ಣಿಗೆ ಬರುತ್ತದೆ. ಇಲ್ಲಿ ಬೇಕಾದದ್ದು ಉದ್ದಕ್ಕೆ ಚೂಪಾಗಿ ಎದ್ದ ಏಣು.

ಇನ್ನು ಬೋದು. ಮುಧೋಳ, ಜಮಖಂಡಿ ಕಡೆ ಕಬ್ಬಿನ ಹೊಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಣ್ಣು ಏರಿಸಿದ್ದು ಬೋದು, ನೀರು ಹರಿಯುವುದು ಸಾಲಿನಲ್ಲಿ. ಒಂದು ಎದ್ದಾಗಲೇ ಇನ್ನೊಂದು ಇಳಿಯುತ್ತದೆ. ಹಾಳೆಯಲ್ಲೂ ಆಗುವುದು ಅದೇ. ‘ಬೋದು ಏರಿಸು’ ಎಂಬ ಕ್ರಿಯಾಪದವೂ ರೆಡಿ ಇದೆ. ‘ಅಚ್ಚಾದ ಮಗ್ಗಲು ಮೇಲೆ ಮಾಡಿ, ತುಂಡು ಗೆರೆಯಲ್ಲಿ ಬೋದು ಏರಿಸಿ’ ಎಂದು ಬರೆದರೆ ವಾಕ್ಯ ತಾನಾಗಿ ನಡೆಯುತ್ತದೆ. ಮಗ್ಗಲು ಯಾವುದು ಎಂದು ಮಾತ್ರ ಹೇಳಲೇಬೇಕು. ಹಾಳೆ ತಿರುವಿದರೆ ಬೋದು ಸಾಲಾಗುತ್ತದೆ.

ನನಗೆ ಅನುಮಾನ ಇರುವುದು ಮೂರು ಕಡೆ. ‘ಸಾಲು’ ಎಂದರೆ ಬರೀ ಗೆರೆ, ಪಂಕ್ತಿ ಎಂದೂ ಆಗುತ್ತದೆ. ಗೆರೆಗಳೇ ತುಂಬಿದ ಹಾಳೆಯಲ್ಲಿ ಇದು ಗೊಂದಲ ಮಾಡೀತೇ? ಎರಡನೆಯದು, ವಿಜಯಪುರದ ಜೋಳದ ಸೀಮೆಯವರಿಗೆ ಬೋದಿಗಿಂತ ‘ಬದು’ ಹೆಚ್ಚು ಹತ್ತಿರ. ಬದು ಹೊಲದ ಗಡಿಯ ಒಡ್ಡು, ಅರ್ಥ ಬೇರೆಯೇ. ಓದುವಾಗ ಒಂದನ್ನು ಇನ್ನೊಂದು ಅಂದುಕೊಂಡರೆ? ಮತ್ತೆ ‘ಮಡಿಕೆ’ ಎಂಬ ಮಾತೇ ನಮ್ಮ ಕಡೆ ಹೊಲ ಹೊಡೆಯುವ ಮಡಿಕೆಯೂ (ನೇಗಿಲು) ಹೌದು. ಬೋದು, ಸಾಲು, ಮಡಿಕೆ ಮೂರೂ ಒಟ್ಟಿಗೆ ಬಂದರೆ ಕೈಪಿಡಿ ಒಕ್ಕಲುತನದ್ದೇ ಆಗಿಬಿಡುತ್ತದೆ. ಅದಕ್ಕೆ ‘ಮಡಿಕೆ’ ಬಿಟ್ಟು ‘ಮಡಚು’ ಎಂಬ ಕ್ರಿಯಾಪದವನ್ನಷ್ಟೇ ಇಟ್ಟುಕೊಳ್ಳೋಣ ಅನಿಸಿದೆ.

ಉಳಿದ ಪದಗಳು ಅಷ್ಟು ಕಾಡಲಿಲ್ಲ. ಅಂಟು ಹಚ್ಚಲು ಬಿಡುವ ತುದಿಗೆ ಹುಡುಗರು ‘ಕಿವಿ’ ಅಂದರು. ಅದನ್ನೇ ಇಟ್ಟಿದ್ದೇನೆ. ಮಡಚುವ ಮೊದಲು ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತುವುದಕ್ಕೆ ‘ಗೀರು’. 200 ಜಿಎಸ್ಎಂನಂಥ (ಚದರ ಮೀಟರಿಗೆ 200 ಗ್ರಾಂ ತೂಗುವ) ದಪ್ಪ ಹಾಳೆಯನ್ನು ಗೀರದೆ ಮಡಚಿದರೆ ಅಂಚು ಒಡೆದು ಬಿಳಿ ಕಾಣುತ್ತದೆ. ಕತೆ, ಸಿನಿಮಾಗಳ ಪಾತ್ರದಂತೆ ವೇಷ ಹಾಕುವ ಕಾಸ್ಪ್ಲೇಗೆ ‘ಸೋಗು’ ಎಂದೇ ಬರೆದಿದ್ದೇನೆ. ಬೇರೆ ಕಡೆ ಸೋಗು ಎಂದರೆ ನಟನೆ, ಬೂಟಾಟಿಕೆ ಇರಬಹುದು. ಬಾಗಲಕೋಟೆಯಲ್ಲಿ ಅದು ಹಾಕಿಕೊಳ್ಳುವ ವೇಷ, ಅದರಲ್ಲಿ ಕೆಟ್ಟ ಅರ್ಥವಿಲ್ಲ.

ಮಾದರಿಯನ್ನು ಚಪ್ಪಟೆಯಾಗಿ ಬಿಚ್ಚುವ ‘ಅನ್‌ಫೋಲ್ಡ್’ಗೆ ಮಾತ್ರ ಪದ ಇನ್ನೂ ಕೂತಿಲ್ಲ. ಗದೆಯ ತಲೆ ದುಂಡಗಿದೆ. ದುಂಡು ಮೈಯನ್ನು ಎಳೆಯದೆ, ಹರಿಯದೆ ಚಪ್ಪಟೆ ಮಾಡಲು ಆಗುವುದಿಲ್ಲ. ಇದನ್ನು ಗಣಿತಜ್ಞ ಗೌಸ್ 19ನೇ ಶತಮಾನದಲ್ಲೇ ತೋರಿಸಿದ್ದಾರೆ. ಅದಕ್ಕೇ ಮಾದರಿಯನ್ನು ಸಣ್ಣ ಸಣ್ಣ ಚಪ್ಪಟೆ ಮುಖಗಳಾಗಿ ಮಾಡಿ, ಎಲ್ಲಿ ಕತ್ತರಿ ಬೀಳಬೇಕೆಂದು ಗುರುತಿಸಿ, ನಂತರ ಬಿಚ್ಚುತ್ತೇವೆ. ಬಿಚ್ಚಿ ಸಿಕ್ಕ ಆಕೃತಿಗೆ ಗಣಿತ ಪಾಠದ ‘ಜಾಲಾಕೃತಿ’ ಬಳಸೋಣವೆಂದರೆ, ಕಂಪ್ಯೂಟರಿನ ‘ಮೆಶ್’ಗೂ (ಮಾದರಿಯ ಮೈಯಾಗುವ ಮುಖಗಳ ಬಲೆ) ಜಾಲ ಎಂದೇ ಬರೆಯುವವರಿದ್ದಾರೆ. ಸದ್ಯಕ್ಕೆ ಕ್ರಿಯೆಗೆ ‘ಹರವು’, ಸಿಕ್ಕ ಹಾಳೆಗೆ ‘ಹರವು ಹಾಳೆ’ ಎಂದಿಟ್ಟಿದ್ದೇನೆ. ಕಾಳು ಹರವುವ ಹರವು.

ಬೆಳಗಾವಿ ಕಡೆಯವರು, ಅದರಲ್ಲೂ ಗೋಕಾಕ, ಅಥಣಿಯ ಕಬ್ಬಿನ ಊರಿನವರು, ನಿಮ್ಮಲ್ಲಿ ಬೋದು-ಸಾಲು ಇದೇ ಅರ್ಥದಲ್ಲಿವೆಯೇ ತಿಳಿಸಿ. ಮೈಸೂರು, ಕರಾವಳಿಯವರು ಬೋದು ಎಂಬುದನ್ನು ಮೊದಲ ಸಲ ಓದಿದಾಗ ಏನು ಅಂದುಕೊಂಡಿರಿ ಎಂದು ಬರೆದರೆ ಇನ್ನೂ ಒಳ್ಳೆಯದು. ದರ್ಜಿ ಕೆಲಸ, ಪುಸ್ತಕ ಕಟ್ಟುವ ಕೆಲಸ ಗೊತ್ತಿರುವವರು ಎದ್ದ ಮಡಿಕೆಗೂ ಒಳಮಡಿಕೆಗೂ ಬೇರೆ ಬೇರೆ ಹೆಸರು ಹೇಳುತ್ತಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಹೋಳಿ ಹುಣ್ಣಿಮೆಗೆ ಮೊದಲು ಹಾಳೆಗಳನ್ನು ಅಚ್ಚಿಗೆ ಕೊಡಬೇಕು.